ಯಾರ ಕಣ್ಣು, ಯಾರ ಕಿವಿ, ಯಾರ ಕತ್ತಿ?

1986ರ ಮೇ ತಿಂಗಳಲ್ಲಿ ಜಪಾನಿನ ಅಂಗಡಿಗಳಿಗೆ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ವಿಡಿಯೋ ಗೇಮ್ ಬಂತು. ಅದರ ಚಿತ್ರಗಳನ್ನು ಬರೆದವರು ಅಕಿರಾ ತೊರಿಯಾಮ. ಜಪಾನಿನ ಮಕ್ಕಳಿಗೆ ಅದು ಹೊಸ ಕೈಯೇನೂ ಆಗಿರಲಿಲ್ಲ. ‘ಡ್ರ್ಯಾಗನ್ ಬಾಲ್’ ಎಂಬ ಚಿತ್ರಕಥೆಯನ್ನು ಅವರು 1984ರಿಂದ ವಾರವಾರವೂ ಬರೆಯುತ್ತಿದ್ದರು. ದುಂಡು ಮುಖ, ದೊಡ್ಡ ಕಣ್ಣು, ಗುಂಗುರು ಗುಂಗುರಾದ ಗಟ್ಟಿ ಗೆರೆ. ಅವರು ಬರೆದ ರಾಕ್ಷಸನನ್ನು ನೋಡಿದರೆ ಹೆದರಿಕೆಯ ಜೊತೆಗೆ ಒಂದಿಷ್ಟು ನಗುವೂ ಬರುತ್ತದೆ.

ಮೂರು ವರ್ಷಗಳ ನಂತರ, 1989ರಲ್ಲಿ, ಅದೇ ಆಟ ಅಮೆರಿಕಕ್ಕೆ ಹೋಯಿತು. ಅಲ್ಲಿ ಅದೇ ಹೆಸರಿನ ಇನ್ನೊಂದು ಆಟ ಆಗಲೇ ಇದ್ದುದರಿಂದ ಇದರ ಹೆಸರು ‘ಡ್ರ್ಯಾಗನ್ ವಾರಿಯರ್’ ಎಂದಾಯಿತು. ಹೆಸರು ಬದಲಾದುದಕ್ಕೆ ಕಾನೂನಿನ ಕಾರಣವಿತ್ತು, ಒಪ್ಪೋಣ. ಆದರೆ ಡಬ್ಬದ ಮೇಲಿನ ಚಿತ್ರವೂ ಬದಲಾಯಿತು. ತೊರಿಯಾಮರ ಬಾಲಯೋಧ ಮಾಯವಾಗಿ ಆ ಜಾಗದಲ್ಲಿ ಯುರೋಪಿನ ಕೋಟೆಕೊತ್ತಲಗಳ ಕಾಲದ ಗಂಭೀರ ಯೋಧ ಬಂದು ನಿಂತ. ಒಳಗಿನ ಕೈಪಿಡಿಯ ಚಿತ್ರಗಳನ್ನೂ ಪಾಶ್ಚಾತ್ಯ ಶೈಲಿಯಲ್ಲಿ ಹೊಸದಾಗಿ ಬರೆಸಿದರು. ಜಪಾನಿನ ಕೈ ಕಂಡರೆ ಅಮೆರಿಕದ ಮಕ್ಕಳು ಇದನ್ನು ಗಂಭೀರ ಆಟವೆಂದು ಒಪ್ಪುವುದಿಲ್ಲ ಎಂಬ ಲೆಕ್ಕಾಚಾರ ಮಾರುವವರಿಗೆ ಇದ್ದಿರಬೇಕು. ತಮಾಷೆಯೆಂದರೆ, ಆಟ ಶುರುವಾದ ಕೂಡಲೇ ತೆರೆಯ ಮೇಲೆ ಎದುರಾಗುತ್ತಿದ್ದುದು ತೊರಿಯಾಮರದೇ ಕೈಗೂಸು: ನೀರಿನ ಹನಿಯಂತಿರುವ, ಹಲ್ಲು ಬಿಡದೆ ಅಗಲವಾಗಿ ನಗುವ ನೀಲಿ ಲೋಳೆ. ಡಬ್ಬವನ್ನು ಬದಲಾಯಿಸಿದವರು ಅದರ ನಗುವನ್ನು ಅಳಿಸಿರಲಿಲ್ಲ.

ನನ್ನಂಥ ಕಥೆ ಬರೆಯುವವನಿಗೆ ಈ ಆಟಗಳ ಸಹವಾಸ ಯಾಕೆ ಬಂತು ಎಂದು ಓದುಗರು ಕೇಳಬಹುದು. ನಾನು ಆಟಗಾರನಲ್ಲ. ತಂಗಿಯ ಮಗ ಒಂದು ದಿನ ಮೊಬೈಲಿನಲ್ಲಿ ‘ಫೈನಲ್ ಫ್ಯಾಂಟಸಿ’ ಎಂಬ ಆಟ ಆಡುತ್ತಿದ್ದ. ಕೊಂಬು ಹೊತ್ತು, ಮೈಯೆಲ್ಲ ಬೆಂಕಿ ಉಗುಳುವ ಒಂದು ಪ್ರಾಣಿ ತೆರೆಯ ಮೇಲೆ ಎದ್ದು ನಿಂತಿತು. “ಮಾಮೂ, ಇದರ ಹೆಸರು ಇಫ್ರಿಟ್” ಎಂದ. ನಾನು ಬೆಚ್ಚಿದೆ. ಇಫ್ರೀತ್! ನಮ್ಮ ನಾನಿ ಕರೆಂಟು ಹೋದ ರಾತ್ರಿಗಳಲ್ಲಿ ಹೇಳುತ್ತಿದ್ದ ದಾಸ್ತಾನುಗಳ ಇಫ್ರೀತ್. “ಇದು ಎಲ್ಲಿಯದೋ?” ಎಂದೆ. “ಜಪಾನಿನದು” ಎಂದ, ನಿಸ್ಸಂಶಯವಾಗಿ. ಅಂದಿನಿಂದ ಈ ಚಿತ್ರಗಳ ಹಿಂದೆ ಬಿದ್ದೆ.

ಈ ಆಟಗಳನ್ನು ಬಲ್ಲವರಲ್ಲಿ ಒಂದು ಹಳೆಯ ಜಗಳವಿದೆ. ಜಪಾನಿನ ಅನಿಮೆ, ಅಂದರೆ ಅಲ್ಲಿನ ಕಾರ್ಟೂನು ಚಿತ್ರಗಳು, ಫ್ಯಾಂಟಸಿ ಆಟಗಳ ಚಿತ್ರಶೈಲಿಯ ಮೇಲೆ ಪ್ರಭಾವ ಬೀರಿವೆಯೇ? ಬೀರಿವೆ ಎನ್ನುವವರಲ್ಲಿ ಕೆಲವರು ಅದನ್ನು ಸಂತೋಷದಿಂದ ಹೇಳುತ್ತಾರೆ, ಕೆಲವರು ಮನೆಗೆ ಕಳ್ಳ ನುಗ್ಗಿದಂತೆ ಹೇಳುತ್ತಾರೆ. ಉತ್ತರ ಹೌದು ಎಂದೇ. ಆದರೆ ಆ ಹೌದು ಎಷ್ಟು ಹಳೆಯದು, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ನೋಡುತ್ತ ಹೋದರೆ ಕಳ್ಳ ಯಾರು, ಮನೆಯ ಯಜಮಾನ ಯಾರು ಎಂಬುದೇ ತಿಳಿಯದಂತಾಗುತ್ತದೆ.

ಮೊದಲು ಆಟದ ಪರಿಚಯ. ಒಂದು ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಕಾಗದ, ಪೆನ್ಸಿಲು, ಹಲವು ಮುಖಗಳ ದಾಳಗಳು. ಒಬ್ಬ ಕಥೆ ಹೇಳುತ್ತಾನೆ, ಉರ್ದುವಿನ ದಾಸ್ತಾನ್‌ಗೋ ಇದ್ದ ಹಾಗೆ. ಉಳಿದವರು ಕಥೆಯೊಳಗಿನ ಒಂದೊಂದು ಪಾತ್ರವಾಗಿ, “ನಾನು ಬಾಗಿಲು ಒಡೆಯುತ್ತೇನೆ”, “ನಾನು ಮಂತ್ರ ಹಾಕುತ್ತೇನೆ” ಎನ್ನುತ್ತಾರೆ. ಬಾಗಿಲು ಒಡೆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಇದನ್ನು ಪುಸ್ತಕರೂಪದಲ್ಲಿ ಮೊದಲು ಮಾರಿದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಮೊದಲ ಮುದ್ರಣ 1,000 ಪ್ರತಿ, ಬೆಲೆ 10 ಡಾಲರ್.

ತೆರೆಯಿಲ್ಲದ, ಗೊಂಬೆಯಿಲ್ಲದ ಇಂಥ ಆಟದಲ್ಲಿ ಚಿತ್ರಕ್ಕೆ ಎಲ್ಲಿಲ್ಲದ ಬೆಲೆ. ಕಥೆಗಾರ “ಎದುರಿಗೆ ಒಬ್ಬ ಓರ್ಕ್ ನಿಂತಿದ್ದಾನೆ” ಎಂದರೆ ಆಟಗಾರನ ಕಣ್ಣಿಗೆ ಕಟ್ಟುವುದು ಪುಸ್ತಕದಲ್ಲಿ ಕಂಡ ಚಿತ್ರವೇ. ಆದರೆ ಮೊದಲ ಪುಸ್ತಕಗಳಿಗೆ ಚಿತ್ರ ಬರೆಸಲು ಹಣವಿರಲಿಲ್ಲ. ಬರೆದವರು ಹವ್ಯಾಸಿಗಳು. ಅವುಗಳಲ್ಲಿ ಹಲವು ಚಿತ್ರಗಳು 1968ರ ಒಂದು ಮಾರ್ವೆಲ್ ಕಾಮಿಕ್ಸ್ ಸಂಚಿಕೆಯಿಂದ ನೋಡಿ ಎತ್ತಿಕೊಂಡವು ಎಂಬುದು ಆಮೇಲೆ ಪತ್ತೆಯಾಯಿತು. ಅಂದರೆ ಜಪಾನಿನಿಂದ ಎರವಲು ತಂದು ಕೆಟ್ಟೆವು ಎಂದು ಮುಂದೆ ಕೊರಗಿದವರ ಈ ಮನೆ ಕಟ್ಟಿದ್ದೇ ಎರವಲು ಇಟ್ಟಿಗೆಯಲ್ಲಿ.

ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಈ ಆಟಕ್ಕೇ ವಿಶಿಷ್ಟವಾದ ಕೆಲವು ಪ್ರಾಣಿಗಳಿವೆ. ಕಬ್ಬಿಣ ತಿನ್ನುವ ಪ್ರಾಣಿ, ನೆಲದೊಳಗೆ ಈಜುವ ಪ್ರಾಣಿ, ಗೂಬೆಯ ತಲೆಯ ಕರಡಿ. ಇವು ಯಾವ ಪುರಾಣದಲ್ಲೂ ಇಲ್ಲ. ಗೈಗ್ಯಾಕ್ಸ್ ಅಗ್ಗದ ಸಾಮಾನಿನ ಅಂಗಡಿಯಿಂದ ಒಂದು ಚೀಲ ಪ್ಲಾಸ್ಟಿಕ್ ಬೊಂಬೆಗಳನ್ನು ತಂದಿದ್ದರು. ಹಾಂಗ್‌ಕಾಂಗಿನಲ್ಲಿ ತಯಾರಾದ ಬೊಂಬೆಗಳು. ಚೀಟಿಯ ಮೇಲೆ ಇತಿಹಾಸಪೂರ್ವ ಪ್ರಾಣಿಗಳು ಎಂದು ಬರೆದಿತ್ತಂತೆ, ಆದರೆ ಅಂಥ ಪ್ರಾಣಿ ಯಾವ ಯುಗದಲ್ಲೂ ಇರಲಿಲ್ಲ. ಆ ಬೊಂಬೆಗಳಿಗೆ ಹೆಸರಿಟ್ಟು, ಗುಣ ಕೊಟ್ಟು ಆಟದೊಳಗೆ ಬಿಟ್ಟರು. ಹಳೆಯ ಬೊಂಬೆಗಳನ್ನು ಸಂಗ್ರಹಿಸುವವರು ಅವುಗಳಲ್ಲಿ ಕೆಲವಕ್ಕೆ ಜಪಾನಿನ ‘ಅಲ್ಟ್ರಾಮನ್’ ಎಂಬ ಟಿವಿ ಧಾರಾವಾಹಿಯ ದೈತ್ಯರ ಹೋಲಿಕೆ ಕಾಣುತ್ತಾರೆ. 1966ರಲ್ಲಿ ಶುರುವಾದ ಆ ಧಾರಾವಾಹಿ ಕಾರ್ಟೂನಲ್ಲ, ರಬ್ಬರು ವೇಷ ತೊಟ್ಟ ನಟರು ಆಡುವುದು. ಆದ್ದರಿಂದ ಇದನ್ನು ಅನಿಮೆಯ ಖಾತೆಗೆ ಬರೆಯಲು ಬರುವುದಿಲ್ಲ. ಆದರೆ ಈ ಹೋಲಿಕೆ ನಿಜವಾದರೆ, ಜಪಾನು ಆ ಆಟದ ಬಾಗಿಲು ತಟ್ಟುವ ಮೊದಲೇ ಒಳಗೆ ಕೂತಿತ್ತು ಎನ್ನಬೇಕಾಗುತ್ತದೆ.

1977ರಲ್ಲಿ ‘ಮಾನ್‌ಸ್ಟರ್ ಮ್ಯಾನ್ಯುಅಲ್’ ಎಂಬ ರಾಕ್ಷಸಕೋಶ ಬಂತು. ಅದರಲ್ಲಿ ನಮ್ಮ ‘ರಾಕ್ಷಸ’ನೂ ಇದ್ದಾನೆ, ಅದೇ ಹೆಸರಿನಲ್ಲಿ. ಡೇವ್ ಟ್ರ್ಯಾಂಪಿಯರ್ ಬರೆದ ಚಿತ್ರದಲ್ಲಿ ಅವನಿಗೆ ಹುಲಿಯ ತಲೆ, ಸಾಹೇಬರ ಮನೆಯುಡುಪು, ಕೈಯಲ್ಲಿ ಹೊಗೆಸೊಪ್ಪಿನ ಪೈಪು! ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದವರು ಈ ರಾಕ್ಷಸನನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು. ಗೈಗ್ಯಾಕ್ಸ್‌ಗೆ ಅವನು ಸಿಕ್ಕಿದ್ದು ರಾಮಾಯಣದಿಂದಲ್ಲ, 1974ರ ಒಂದು ಅಮೆರಿಕನ್ ಟಿವಿ ಧಾರಾವಾಹಿಯಿಂದ. ಅದೇ ಪುಸ್ತಕದಲ್ಲಿ ಓರ್ಕ್ ಎಂಬ ಜಾತಿಯವರಿಗೆ ಹಂದಿಯ ಮೂತಿ ಬರೆದರು. ಈ ಹಂದಿ ಮೂತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಟ ಹಣ ಗಳಿಸತೊಡಗಿದ ಮೇಲೆ, 1980ರ ದಶಕದಲ್ಲಿ, ನಿಜವಾದ ಚಿತ್ರಕಾರರು ಬಂದರು. ಲ್ಯಾರಿ ಎಲ್ಮೋರ್, ಜೆಫ್ ಈಸ್ಲಿ, ಕ್ಲೈಡ್ ಕಾಲ್ಡ್‌ವೆಲ್, ಕೀತ್ ಪಾರ್ಕಿನ್ಸನ್. 1960ರ ದಶಕದಲ್ಲಿ ಫ್ರ್ಯಾಂಕ್ ಫ್ರಜೆಟ್ಟಾ ‘ಕೋನನ್’ ಕಥೆಗಳ ಮುಖಪುಟಗಳಿಗೆ ಬರೆದ ತೈಲಚಿತ್ರಗಳ ಹಾದಿ ಅವರದು. ಉಬ್ಬಿದ ಮಾಂಸಖಂಡ, ಹೊಳೆಯುವ ಲೋಹ, ಬೆಟ್ಟಗಳ ಹಿಂದೆ ಮುಳುಗುವ ಸೂರ್ಯ. 1983ರ ಕೆಂಪು ಡಬ್ಬದ ಮೇಲೆ ಎಲ್ಮೋರ್ ಬರೆದ ಕೆಂಪು ಡ್ರ್ಯಾಗನ್ ಇವತ್ತಿಗೂ ಆ ಪೀಳಿಗೆಯವರ ಎದೆಯಲ್ಲಿ ಕೂತಿದೆ. “ಫ್ಯಾಂಟಸಿ ಎಂದರೆ ಹೀಗಿರಬೇಕು” ಎಂದು ಹೇಳುವಾಗ ಅವರ ಕಣ್ಣ ಮುಂದೆ ಇರುವುದು ಇದೇ ಚಿತ್ರ.

ಆದರೆ ಅದೇ 1983ರಲ್ಲಿ ಅದೇ ಮಕ್ಕಳು ಶನಿವಾರ ಬೆಳಿಗ್ಗೆ ಟಿವಿ ಮುಂದೆ ಕೂತು ನೋಡಿದ್ದು ಏನನ್ನು? ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೆಸರಿನದೇ ಕಾರ್ಟೂನು ಧಾರಾವಾಹಿ, ಒಟ್ಟು 27 ಕಂತು. ಅದರ ಚಿತ್ರಗಳನ್ನು ಬರೆದು ಚಲಿಸುವಂತೆ ಮಾಡಿದ್ದು ಜಪಾನಿನ ತೋಯೆಯಿ ಸಂಸ್ಥೆ. ಮುಂದೆ ತೊರಿಯಾಮರ ‘ಡ್ರ್ಯಾಗನ್ ಬಾಲ್’ ಅನ್ನು ತೆರೆಗೆ ತಂದದ್ದೂ ಇದೇ ತೋಯೆಯಿ. ಇದಕ್ಕೂ ಮೊದಲು, 1977ರಲ್ಲಿ, ಟೋಲ್ಕಿನ್‌ನ ‘ಹಾಬಿಟ್’ ಕಥೆ ಅಮೆರಿಕದ ಟಿವಿಯಲ್ಲಿ ಕಾರ್ಟೂನಾಗಿ ಬಂದಿತ್ತು. ಅದನ್ನು ಕೈಯಾರೆ ಬರೆದವರು ಟೋಕಿಯೋದ ಟಾಪ್‌ಕ್ರಾಫ್ಟ್ ಎಂಬ ಸ್ಟುಡಿಯೋದವರು. 1984ರಲ್ಲಿ ಹಯಾವೊ ಮಿಯಾಜಾಕಿಯವರ ‘ನೌಸಿಕಾ’ ಚಿತ್ರ ತಯಾರಾದದ್ದು ಅದೇ ಸ್ಟುಡಿಯೋದಲ್ಲಿ. ಅದು ಮುಚ್ಚಿದಾಗ ಅಲ್ಲಿದ್ದ ಹಲವರು ಹೊಸದಾಗಿ ಹುಟ್ಟಿದ ಜಿಬ್ಲಿ ಸ್ಟುಡಿಯೋ ಸೇರಿದರು. ವಿನ್ಯಾಸ ಅಮೆರಿಕದ್ದು, ಕೂಲಿ ಜಪಾನಿನದು. ಹಾಗಾಗಿ ಅದನ್ನು ಯಾರೂ ಅನಿಮೆ ಎಂದು ಕರೆಯಲಿಲ್ಲ. ಆದರೆ ಕೈಗೆ ತನ್ನದೇ ಒಂದು ಅಭ್ಯಾಸವಿರುತ್ತದಲ್ಲ?

ನಾವೇನೂ ಅಮೆರಿಕದ ಮಕ್ಕಳನ್ನು ನೋಡಿ ನಗುವಂತಿಲ್ಲ. 1990ರ ದಶಕದಲ್ಲಿ ದೂರದರ್ಶನದ ಮೋಗ್ಲಿಗಾಗಿ ಭಾನುವಾರ ಬೆಳಿಗ್ಗೆ ಓಡೋಡಿ ಬಂದ ನಮ್ಮ ಪೀಳಿಗೆ, ಆ ಕಾಡಿನ ಹುಡುಗ ಜಪಾನಿನಲ್ಲಿ 1989ರಲ್ಲಿ ತಯಾರಾದವನು ಎಂದು ತಿಳಿದಿತ್ತೇ? ಅದು ಅನಿಮೆ ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಎಷ್ಟೋ ವರ್ಷಗಳ ನಂತರ.

ಈಗ ಆಟ ಸಮುದ್ರ ದಾಟಿದ ಕಥೆಗೆ ಬರೋಣ. ಇದೇ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ.

1981ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಎಂಬ ಇಬ್ಬರು ಸೇರಿ ‘ವಿಜರ್ಡ್ರಿ’ ಎಂಬ ಕಂಪ್ಯೂಟರ್ ಆಟ ಮಾಡಿದರು. ಮೇಜಿನ ಮೇಲಿನ ಆಟವನ್ನು ಕಂಪ್ಯೂಟರಿನೊಳಗೆ ಇಳಿಸುವ ಪ್ರಯತ್ನ. ಬಿಳಿ ಗೆರೆಗಳ ಗೋಡೆ, ಮೂಲೆಯಲ್ಲಿ ಸಣ್ಣ ರಾಕ್ಷಸನ ಚಿತ್ರ, ಉಳಿದದ್ದೆಲ್ಲ ಅಕ್ಷರ. ಆಟದ ತುಂಬ ವಿದ್ಯಾರ್ಥಿಗಳ ಹಾಸ್ಟೆಲ್ ತಮಾಷೆ. ಆಟದ ದುಷ್ಟ ಮಾಂತ್ರಿಕನ ಹೆಸರು ‘ವೆರ್ಡ್ನಾ’, ಅಂದರೆ ಆಂಡ್ರ್ಯೂ ಎಂಬುದನ್ನು ಇಂಗ್ಲಿಷಿನಲ್ಲಿ ತಿರುಗಿಸಿ ಬರೆದದ್ದು. ಅದರಲ್ಲಿ ಸಿಗುವ ಒಂದು ಮಹಾ ಕತ್ತಿಯ ಹೆಸರು ‘ಕುಸಿನಾರ್ಟ್’, ಅಂದರೆ ಅಮೆರಿಕದ ಅಡಿಗೆಮನೆಯಲ್ಲಿ ತರಕಾರಿ ಕೊಚ್ಚುವ ಒಂದು ಮಿಕ್ಸಿಯ ಹೆಸರು!

1985ರಲ್ಲಿ ‘ವಿಜರ್ಡ್ರಿ’ ಜಪಾನಿ ಭಾಷೆಯಲ್ಲಿ ಬಂದಾಗ ಅಲ್ಲಿನ ಆಟಗಾರರಿಗೆ ಈ ಮಿಕ್ಸಿ ಗೊತ್ತಿರಲಿಲ್ಲ. ಕುಸಿನಾರ್ಟ್ ಎಂದರೆ ಯಾವುದೋ ಪ್ರಾಚೀನ ಕಮ್ಮಾರ ಕಾಸಿ ಬಡಿದ ದಿವ್ಯ ಖಡ್ಗವೆಂದು ನಂಬಿದರು. ನಗೆಚಾಟಿಕೆ ಗಂಭೀರ ಪುರಾಣವಾಯಿತು. 1987ರಲ್ಲಿ ನಿಂಟೆಂಡೊ ಯಂತ್ರಕ್ಕೆ ಅದು ಬಂದಾಗ ಜುನ್ ಸುಎಮಿ ಎಂಬ ಚಿತ್ರಕಾರರು ಅದರ ರಾಕ್ಷಸರನ್ನು ಎಳ್ಳಷ್ಟೂ ತಮಾಷೆಯಿಲ್ಲದೆ, ಕತ್ತಲೆ ತುಂಬಿ ಬರೆದರು. ಅರ್ಥವಾಗದ್ದನ್ನು ಆದರದಿಂದ ಓದುವುದು ಎಂದರೆ ಇದೇ. ಉರ್ದು ಶಾಲೆಯಲ್ಲಿ ಅರ್ಧ ತಿಳಿದ ಫಾರಸಿ ಸಾಲುಗಳನ್ನು ಹೀಗೆಯೇ ಎದೆಗೊತ್ತಿಕೊಂಡವರಲ್ಲಿ ನಾನೂ ಒಬ್ಬ.

‘ಡ್ರ್ಯಾಗನ್ ಕ್ವೆಸ್ಟ್’ ರೂಪಿಸಿದ ಯೂಜಿ ಹೊರಿಯಿ 1983ರಲ್ಲಿ ಅಮೆರಿಕಕ್ಕೆ ಹೋದಾಗ ಒಂದು ಕಂಪ್ಯೂಟರ್ ಮೇಳದಲ್ಲಿ ‘ವಿಜರ್ಡ್ರಿ’ ನೋಡಿ ಮರುಳಾದವರು. ಅಲ್ಲಿಂದ ಲೋಳೆಯ ಕಥೆ ಶುರು. ಗೈಗ್ಯಾಕ್ಸ್‌ನ ಆಟದಲ್ಲಿ ಹಸಿರು ಲೋಳೆ ಎಂದರೆ ಮೈಗೆ ತಾಕಿದರೆ ಮಾಂಸ ಕರಗಿಸುವ ಭಯಂಕರ ವಸ್ತು. ‘ವಿಜರ್ಡ್ರಿ’ಯಲ್ಲಿ ಅದು ಮೊದಲ ಬಾಗಿಲಲ್ಲೇ ಸಿಗುವ ಸುಲಭದ ಶತ್ರುವಾಯಿತು. ಹೊರಿಯಿ ತಮ್ಮ ಆಟಕ್ಕಾಗಿ ಸೆಗಣಿಯ ಗುಪ್ಪೆಯಂಥದ್ದೊಂದನ್ನು ಗೀಚಿ ತೊರಿಯಾಮರಿಗೆ ಕೊಟ್ಟರು. ತೊರಿಯಾಮ ಅದನ್ನು ನೀರಿನ ಹನಿ ಮಾಡಿ, ಎರಡು ದುಂಡು ಕಣ್ಣಿಟ್ಟು, ನಗಿಸಿಬಿಟ್ಟರು. ಅನಿಮೆಯ ಪ್ರಭಾವ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಲೋಳೆಯನ್ನೇ ತೋರಿಸುತ್ತೇನೆ. ಕೊಲ್ಲಬೇಕಾದ ವಸ್ತುವಿಗೂ ಒಂದು ಮುಖ ಬಂತು.

ಆ ದೊಡ್ಡ ಕಣ್ಣೂ ಅಪ್ಪಟ ಜಪಾನಿನದಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಜಪಾನಿ ಚಿತ್ರಕಥೆಯ ಪಿತಾಮಹ ಒಸಾಮು ತೆಜುಕಾ ವಾಲ್ಟ್ ಡಿಸ್ನಿಯ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಕಲಿತವರು. ‘ಬ್ಯಾಂಬಿ’ಯ ಜಿಂಕೆಮರಿಯ ಕಣ್ಣು ತೆಜುಕಾರ ಕೈ ದಾಟಿ ಹೋಗಿ ಅನಿಮೆಯ ಕಣ್ಣಾಯಿತು.

1987ರ ಡಿಸೆಂಬರಿನಲ್ಲಿ ಹಿರೊನೊಬು ಸಕಾಗುಚಿಯವರ ‘ಫೈನಲ್ ಫ್ಯಾಂಟಸಿ’ ಬಂತು. ಅದರ ರಾಕ್ಷಸರಲ್ಲಿ ಹಲವರು ಗೈಗ್ಯಾಕ್ಸ್‌ನ ಆಟದಿಂದ ನೇರವಾಗಿ ನಡೆದುಬಂದವರು. ಹತ್ತಾರು ಕಣ್ಣುಗಳ ‘ಬಿಹೋಲ್ಡರ್’ ಎಂಬ ತೇಲುವ ತಲೆಯನ್ನಂತೂ ಹಾಗೆಯೇ ತಂದಿದ್ದರು. ಅದು ಅಮೆರಿಕದ ಕಂಪನಿಯ ಸ್ವಂತ ಸೃಷ್ಟಿಯಾದ್ದರಿಂದ 1990ರಲ್ಲಿ ಆಟ ಅಲ್ಲಿಗೆ ಹೋಗುವಾಗ ಚಿತ್ರವನ್ನು ಬದಲಿಸಿದರು. ಚಿತ್ರಕಾರ ಯೊಶಿತಾಕಾ ಅಮಾನೊ. ಹದಿನೈದನೆಯ ವಯಸ್ಸಿಗೇ, 1967ರಲ್ಲಿ, ತತ್ಸುನೊಕೊ ಎಂಬ ಅನಿಮೆ ಸಂಸ್ಥೆಗೆ ಕೆಲಸಕ್ಕೆ ಸೇರಿದವರು. ಅನಿಮೆಯ ಮನೆಯಲ್ಲೇ ಬೆಳೆದವರು. ಆದರೆ ಅವರ ಚಿತ್ರಗಳನ್ನು ನೋಡಿ: ದೊಡ್ಡ ಕಣ್ಣಿಲ್ಲ, ದುಂಡು ಮುಖವಿಲ್ಲ. ಕಾಗದದ ಮೇಲೆ ಹೊಗೆ ಸುಳಿದಂಥ ಸಪೂರ ಗೆರೆ, ಬಿಳಿಚಿದ ಮುಖ, ಜಪಾನಿನ ಹಳೆಯ ಮರಮುದ್ರಣ ಚಿತ್ರಗಳ ಜೊತೆ ಯುರೋಪಿನ ಬಳ್ಳಿಬಳ್ಳಿಯಾದ ಅಲಂಕಾರ. ತೊರಿಯಾಮ ಮತ್ತು ಅಮಾನೊ ಇಬ್ಬರೂ ಒಂದೇ ‘ಅನಿಮೆ ಶೈಲಿ’ ಎನ್ನುವವರು ಎರಡನ್ನೂ ಸರಿಯಾಗಿ ನೋಡಿಲ್ಲ ಎಂದೇ ನನ್ನ ಭಾವನೆ. ಇದೇ ಅಮಾನೊ 1998ರಲ್ಲಿ ‘ಸಾವಿರದೊಂದು ರಾತ್ರಿ’ಯ ಮೇಲೆ ಒಂದು ಕಿರುಚಿತ್ರಕ್ಕೆ ಬರೆದುಕೊಟ್ಟದ್ದನ್ನು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ನನ್ನ ಇಫ್ರೀತನೂ ಬಂದದ್ದು ಈ ದಾರಿಯಲ್ಲೇ. ಅರಬ್ಬೀ ಕಥೆಗಳ ಇಫ್ರೀತ್ ಮಹಾಬಲಶಾಲಿ, ಧೂರ್ತ ಜಿನ್ನ್. ಇಂಗ್ಲಿಷ್ ಅನುವಾದಗಳ ಮೂಲಕ ಅಮೆರಿಕ ತಲುಪಿ, 1979ರಲ್ಲಿ ಗೈಗ್ಯಾಕ್ಸ್‌ನ ‘ಡಂಜನ್ ಮಾಸ್ಟರ್ಸ್ ಗೈಡ್’ ಪುಸ್ತಕದ ಮುಖಪುಟಕ್ಕೇ ಏರಿದ. ಡೇವಿಡ್ ಸದರ್‌ಲ್ಯಾಂಡ್ ಬರೆದ ಆ ಚಿತ್ರದಲ್ಲಿ ಅವನು ಕೆಂಪು ದೈತ್ಯ, ಹಿಂಪುಟದಲ್ಲಿ ಅವನ ಹಿತ್ತಾಳೆಯ ನಗರ. ‘ಸಾವಿರದೊಂದು ರಾತ್ರಿ’ಯ ಓದುಗರಿಗೆ ಆ ನಗರ ಗೊತ್ತು. 1990ರ ‘ಫೈನಲ್ ಫ್ಯಾಂಟಸಿ’ ಮೂರನೆಯ ಭಾಗದಲ್ಲಿ ಅವನು ಕರೆದಾಗ ಬರುವ ಬೆಂಕಿಯ ಪ್ರಾಣಿಯಾದ. ಅದೇ ಆಟದಲ್ಲಿ ಮಂಜಿನ ಶಕ್ತಿಯಾಗಿ ಬರುವ ಒಬ್ಬ ಹೆಣ್ಣಿನ ಹೆಸರು ‘ಶಿವ’. ಹೆಸರು ಮಾತ್ರ ಪ್ರಯಾಣ ಮಾಡುತ್ತದೆ, ಸಾಮಾನು ಸರಂಜಾಮು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿರುತ್ತದೆ. ‘ತಿಲಿಸ್ಮೆ ಹೋಶ್‌ರುಬಾ’ವನ್ನು 1883ರಿಂದ ಸಂಪುಟ ಸಂಪುಟವಾಗಿ ಅಚ್ಚು ಹಾಕಿದ ಲಖನೌದ ನವಲ್ ಕಿಶೋರ್ ಮುದ್ರಣಾಲಯದವರು ಈ ಕೊಂಬಿನ ಪ್ರಾಣಿಯನ್ನು ಗುರುತು ಹಿಡಿಯುತ್ತಿದ್ದರೇ? ಸಂಶಯ.

ಕಿವಿಯ ಕಥೆ ಇನ್ನೂ ಉಳಿದಿದೆ. 1986ರಲ್ಲಿ ಜಪಾನಿನ ‘ಕಾಂಪ್ಟಿಕ್’ ಎಂಬ ಪತ್ರಿಕೆ ಒಂದು ವಿಚಿತ್ರ ಧಾರಾವಾಹಿ ಶುರು ಮಾಡಿತು. ಕೆಲವು ಗೆಳೆಯರು ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಿದ್ದನ್ನು ನಾಟಕದ ಸಂಭಾಷಣೆಯಂತೆ ಬರೆದು ಅಚ್ಚು ಹಾಕುವುದು. ಕಥೆ ನಡೆಸಿದವರು ರ್ಯೋ ಮಿಜುನೊ. ಅದೇ ಮುಂದೆ ‘ಲೋಡೋಸ್ ಯುದ್ಧದ ದಾಖಲೆ’ ಎಂಬ ಕಾದಂಬರಿ ಸರಣಿಯಾಗಿ, 1990ರಲ್ಲಿ ಅನಿಮೆಯೂ ಆಯಿತು. ಅದರ ಡೀಡ್ಲಿಟ್ ಎಂಬ ಎಲ್ಫ್ ಹುಡುಗಿಯನ್ನು ಮೇಜಿನ ಮೇಲೆ ಆಡಿದವರು ಹಿರೋಶಿ ಯಮಾಮೊಟೊ ಎಂಬ ಪುರುಷ ಲೇಖಕರು. ಚಿತ್ರ ಬರೆದವರು ಯುತಾಕಾ ಇಜುಬುಚಿ. ಅಮೆರಿಕದ ಪುಸ್ತಕಗಳಲ್ಲಿ ಎಲ್ಫರ ಕಿವಿ ಮನುಷ್ಯರ ಕಿವಿಯೇ, ತುದಿಯಷ್ಟೇ ತುಸು ಚೂಪು. ಇಜುಬುಚಿ ಅದನ್ನು ಮೊಲದ ಕಿವಿಯಂತೆ ಆಚೀಚೆ ಎಳೆದುಬಿಟ್ಟರು. ಅಲ್ಲಿಂದ ಮುಂದೆ ಜಪಾನಿನಲ್ಲಿ ಎಲ್ಫ್ ಎಂದರೆ ಉದ್ದ ಕಿವಿ. 2004ರ ಅಮೆರಿಕನ್ ಆಟ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಎಲ್ಫರಿಗೂ ಅಂಥದೇ ಮಾರುದ್ದದ ಕಿವಿ. ಇದು ಅದರ ಮರಿಯೇ ಎಂದು ಆಣೆ ಮಾಡಲಾರೆ, ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಸುಮ್ಮನಿರುವುದು ಕಷ್ಟ.

ಹಂದಿ ಮೂತಿಯ ಓರ್ಕ್ ಏನಾದ? ಅಮೆರಿಕದಲ್ಲಿ ಅವನು ಕಾಲಕ್ರಮೇಣ ಕೋರೆಹಲ್ಲಿನ, ಹಸಿರು ಅಥವಾ ಬೂದು ಮೈಯ ದಾಂಡಿಗನಾದ. ಹಂದಿ ಮೂತಿಯನ್ನು ಅಲ್ಲಿನವರು ಮರೆತರು. ಜಪಾನಿನಲ್ಲಿ ಅವನು ಇವತ್ತಿಗೂ ಹಂದಿಯೇ. ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಅವನಿಗೆ ಕಾಡುಹಂದಿಯ ಮುಖ. ಇಂದಿನ ಅನಿಮೆಗಳಲ್ಲಿ ಹಂದಿ ಓರ್ಕನನ್ನು ಕಂಡು “ಇದೇನು ಜಪಾನಿನವರ ಹುಚ್ಚು” ಎನ್ನುವ ಅಮೆರಿಕನ್ ಹುಡುಗನಿಗೆ ಅದು ತನ್ನ ಅಜ್ಜನ ಕಪಾಟಿನ 1977ರ ಪುಸ್ತಕದ ಚಿತ್ರ ಎಂದು ಗೊತ್ತಿಲ್ಲ. ಊರು ಬಿಟ್ಟು ಹೋದವರ ಮನೆಯಲ್ಲಿ ಊರಿನ ಹಳೆಯ ಮಾತು ಉಳಿದಿರುವಂತೆ.

ಇನ್ನು ಹಿಂತಿರುಗುವ ಪ್ರಯಾಣ. ‘ವಿಜರ್ಡ್ರಿ’ ಮಾಡಿದ ವುಡ್‌ಹೆಡ್ ಜಪಾನಿನ ಮೋಹಕ್ಕೆ ಬಿದ್ದು 1988ರಲ್ಲಿ ಗೆಳೆಯನೊಡನೆ ‘ಅನಿಮೇಗೊ’ ಎಂಬ ಕಂಪನಿ ತೆರೆದರು. ಅನಿಮೆಗಳಿಗೆ ಇಂಗ್ಲಿಷ್ ಅಡಿಬರಹ ಹಾಕಿ ಅಮೆರಿಕದಲ್ಲಿ ಮಾರುವ ಮೊದಮೊದಲ ಕಂಪನಿಗಳಲ್ಲಿ ಅದೊಂದು. ಜಪಾನಿಗೆ ಆಟ ಕೊಟ್ಟವರೇ ಅಲ್ಲಿಂದ ಚಿತ್ರ ತಂದರು. 1995ರಲ್ಲಿ ‘ಸೇಲರ್ ಮೂನ್’, 1998ರಲ್ಲಿ ‘ಪೊಕೆಮಾನ್’ ಅಮೆರಿಕದ ಟಿವಿಗೆ ಬಂದವು. 1997ರಲ್ಲಿ ಶುರುವಾದ ಕಾರ್ಟೂನ್ ನೆಟ್‌ವರ್ಕಿನ ‘ಟೂನಾಮಿ’ ಸಂಜೆಯ ಹೊತ್ತಿಗೆ ಅನಿಮೆಯನ್ನು ಮನೆಮನೆಗೆ ಮುಟ್ಟಿಸಿತು. ಅದೇ 1997ರಲ್ಲಿ ‘ಫೈನಲ್ ಫ್ಯಾಂಟಸಿ’ಯ ಏಳನೆಯ ಭಾಗ ಬಂತು. ಅದರ ನಾಯಕನ ಕತ್ತಿ ಅವನಷ್ಟೇ ಉದ್ದ, ಬಾಗಿಲಿನಷ್ಟು ಅಗಲ. ಕೆಂತಾರೊ ಮಿಯುರಾ 1989ರಿಂದ ಬರೆಯುತ್ತಿದ್ದ ‘ಬರ್ಸರ್ಕ್’ ಚಿತ್ರಕಥೆಯ ನಾಯಕನ ಕೈಯಲ್ಲೂ ಅಂಥದ್ದೇ ಕಬ್ಬಿಣದ ಚಪ್ಪಡಿ ಇತ್ತು. ಇವನ್ನೆಲ್ಲ ಹತ್ತನೆಯ ವಯಸ್ಸಿನಲ್ಲಿ ನೋಡಿದ ಮಕ್ಕಳು ಇಪ್ಪತ್ತೈದನೆಯ ವಯಸ್ಸಿಗೆ ಚಿತ್ರಕಾರರಾಗಿ ಕೆಲಸಕ್ಕೆ ಸೇರಿದರೆ ಕೈ ಏನನ್ನು ಬರೆಯುತ್ತದೆ?

ಅಮೆರಿಕದ ಸಣ್ಣ ಪ್ರಕಾಶಕರು ಈ ಋಣವನ್ನು ಮುಚ್ಚಿಡಲಿಲ್ಲ. 1997ರಲ್ಲಿ ಕೆನಡಾದಿಂದ ಬಂದ ಒಂದು ಆಟದ ಹೆಸರೇ ‘ದೊಡ್ಡ ಕಣ್ಣು, ಸಣ್ಣ ಬಾಯಿ’ ಎಂದು. 2001ರ ‘ಎಕ್ಸಾಲ್ಟೆಡ್’ ತನ್ನ ಪುಟಗಳಲ್ಲೇ ಅನಿಮೆಯ ಮೆರುಗನ್ನು ಮೆರೆಸಿತು. ಗಲಾಟೆಯಾದದ್ದು ದೊಡ್ಡಮನೆಯಲ್ಲಿ. 2006ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನವರು ಒಂಬತ್ತು ಕತ್ತಿಗಳ ಪುಸ್ತಕ ಎಂಬರ್ಥದ ಒಂದು ಗ್ರಂಥ ತಂದು, ಅನಿಮೆ ಮತ್ತು ಹಾಂಗ್‌ಕಾಂಗ್ ಸಿನಿಮಾಗಳಿಂದ ಸ್ಫೂರ್ತಿ ಪಡೆದುದಾಗಿ ಮುನ್ನುಡಿಯಲ್ಲೇ ಹೇಳಿಕೊಂಡರು. ಹಳಬರು ಕೆಂಡವಾದರು. ‘ತೀರಾ ಅನಿಮೆಯಾಯಿತು’ ಎಂಬುದು ಆಮೇಲೆ ಬೈಗುಳದಂತೆ ಬಳಕೆಗೆ ಬಂತು. ಮೆಚ್ಚದ ಚಿತ್ರಕ್ಕೆಲ್ಲ ಅದೇ ಹಣೆಪಟ್ಟಿ.

ಈ ಹಣೆಪಟ್ಟಿ ಎಷ್ಟು ಕುರುಡಾಗಿತ್ತು ಎಂಬುದಕ್ಕೆ ವೇಯ್ನ್ ರೆನಾಲ್ಡ್ಸ್ ಸಾಕ್ಷಿ. ಇಂಗ್ಲೆಂಡಿನ ಈ ಚಿತ್ರಕಾರ 2009ರ ‘ಪಾತ್‌ಫೈಂಡರ್’ ಆಟಕ್ಕೆ ಮುಖ ಕೊಟ್ಟವರು. ಅವರ ಅಮಿರಿ ಎಂಬ ಯೋಧೆಯ ಕೈಯಲ್ಲಿ ದೈತ್ಯನಿಂದ ಬಂದ, ಎತ್ತಲಾರದಷ್ಟು ದೊಡ್ಡ ಕತ್ತಿ. ಅಷ್ಟು ಕಂಡದ್ದೇ ತಡ, ಇದು ಅನಿಮೆ ಎಂದರು. ಆದರೆ ಆ ಮುಖಗಳಲ್ಲಿ ಸುಕ್ಕಿದೆ, ಗಾಯದ ಕಲೆಯಿದೆ, ಮೈಮೇಲೆ ಹತ್ತಾರು ಚರ್ಮದ ಪಟ್ಟಿ, ಚೀಲ, ಕೊಳೆ. ಅನಿಮೆಯ ನಯವಾದ ಗಲ್ಲ ಎಲ್ಲಿದೆ? ಕತ್ತಿ ದೊಡ್ಡದಾದರೆ ಅದು ಜಪಾನಿನದಾಗುವುದಿಲ್ಲ. ಫ್ರಜೆಟ್ಟಾನ ವೀರರು ಹಿಡಿದದ್ದು ಸೂಜಿಯನ್ನಲ್ಲ. ಪ್ರಭಾವವಿದ್ದರೆ ಅದು ಕತ್ತಿಯಲ್ಲಿಲ್ಲ, ನಿಲುವಿನಲ್ಲಿದೆ. ಎಲ್ಮೋರ್‌ನ ಯೋಧ ಚಿತ್ರಕಾರನಿಗಾಗಿ ನಿಂತಿರುತ್ತಾನೆ. ಈಚಿನ ಯೋಧ ಗಾಳಿಯಲ್ಲಿದ್ದಾನೆ, ಒಂದು ಕಾಲು ನೆಲ ಬಿಟ್ಟಿದೆ, ಉಡುಪಿನ ಅಂಚು ಹಾರುತ್ತಿದೆ, ಮುಂದಿನ ಕ್ಷಣಕ್ಕೆ ಏನೋ ಆಗಲಿದೆ. 2000ರ ನಂತರದ ಪುಸ್ತಕಗಳಲ್ಲಿ ಈ ಚಲನೆ ಎಲ್ಲೆಡೆ ಕಾಣುತ್ತದೆ. ಇದನ್ನು ಕಲಿಸಿದವರಲ್ಲಿ ಅಮೆರಿಕದ ಕಾಮಿಕ್ಸಿನವರೂ ಇದ್ದಾರೆ, ಜಪಾನಿನವರೂ ಇದ್ದಾರೆ. ಪಾಲು ಹಂಚಲು ನನ್ನಿಂದಾಗದು.

2011ರಲ್ಲಿ ಬಂದ ‘ಡಾರ್ಕ್ ಸೋಲ್ಸ್’ ಎಂಬ ಜಪಾನಿ ಆಟವನ್ನು ನೋಡಿದವರು ಅದು ಯುರೋಪಿನದೆಂದೇ ಭ್ರಮಿಸುತ್ತಾರೆ. ಪಾಳುಬಿದ್ದ ಕೋಟೆ, ತುಕ್ಕು ಹಿಡಿದ ಕವಚ. ಅದರ ನಿರ್ದೇಶಕ ಹಿದೆತಾಕಾ ಮಿಯಾಜಾಕಿ ಬಡ ಮನೆಯ ಮಗ. ಪುಸ್ತಕ ಕೊಳ್ಳಲು ಹಣವಿಲ್ಲದೆ ಲೈಬ್ರರಿಯಿಂದ ಇಂಗ್ಲಿಷ್ ಫ್ಯಾಂಟಸಿ ಪುಸ್ತಕಗಳನ್ನು ತರುತ್ತಿದ್ದ. ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಜಾಗಗಳನ್ನು ಚಿತ್ರಗಳನ್ನು ನೋಡಿ ಊಹೆಯಿಂದ ತುಂಬಿಕೊಳ್ಳುತ್ತಿದ್ದ. ಕುಸಿನಾರ್ಟ್ ಕತ್ತಿಯನ್ನು ನಂಬಿದವರ ನಾಡಿನಲ್ಲಿ ಇದು ಸಹಜವೇ. ದೊಡ್ಡವನಾದ ಮೇಲೆ ತಾನು ಮಾಡಿದ ಆಟಗಳಲ್ಲಿ ಕಥೆಯನ್ನು ಅರ್ಧ ಹೇಳಿ ಅರ್ಧ ಬಿಟ್ಟ. ಅವನ ಆಟದ ಆ ಭಾರೀ ಕತ್ತಿಗಳ ಹಿಂದೆ ‘ಬರ್ಸರ್ಕ್’ ಇದೆ, ಅದರ ಜೊತೆಗೇ ಇಂಗ್ಲಿಷ್ ಆಟಪುಸ್ತಕಗಳೂ ಇವೆ. 2022ರ ‘ಎಲ್ಡನ್ ರಿಂಗ್’ಗೆ ಪುರಾಣ ಬರೆದುಕೊಟ್ಟವರು ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್.

ಡಬ್ಬದ ಮೇಲಿನ ಚಿತ್ರ ಬದಲಿಸುವ ಕಾಲ ಮುಗಿದಿದೆ. 2020ರಲ್ಲಿ ಚೀನಾದ ಒಂದು ಕಂಪನಿ ‘ಗೆನ್ಶಿನ್ ಇಂಪ್ಯಾಕ್ಟ್’ ಎಂಬ ಆಟವನ್ನು ಅನಿಮೆಯ ಶೈಲಿಯಲ್ಲೇ ಬರೆದು ಲೋಕಕ್ಕೆಲ್ಲ ಮಾರಿತು. ರ್ಯೋಕೊ ಕುಯಿ 2014ರಿಂದ 2023ರವರೆಗೆ ಬರೆದ ‘ಡಂಜನ್ ಮೇಶಿ’ ಎಂಬ ಚಿತ್ರಕಥೆ, ನೆಲಮಾಳಿಗೆಯ ರಾಕ್ಷಸರನ್ನು ಕೊಂದು ಅಡಿಗೆ ಮಾಡಿ ತಿನ್ನುವವರ ಕಥೆ, 2024ರಲ್ಲಿ ಅನಿಮೆಯಾಗಿ ಬಂದಾಗ ಮೇಜಿನ ಸುತ್ತ ದಾಳ ಉರುಳಿಸುವ ಅಮೆರಿಕನ್ನರೇ ಅದನ್ನು ತಮ್ಮದೆಂದು ಅಪ್ಪಿಕೊಂಡರು. ಅದೇ ವರ್ಷದ ಮಾರ್ಚಿನಲ್ಲಿ ಅಕಿರಾ ತೊರಿಯಾಮ ತಮ್ಮ 68ನೆಯ ವಯಸ್ಸಿನಲ್ಲಿ ತೀರಿಕೊಂಡರು. ಲೋಳೆಯ ನಗು ಅವರೊಂದಿಗೆ ಹೋಗಲಿಲ್ಲ. ಈಗ ‘ಡ್ರ್ಯಾಗನ್ ಕ್ವೆಸ್ಟ್’ ಅಮೆರಿಕದಲ್ಲೂ ಅದೇ ಹೆಸರಿನಲ್ಲಿ, ತೊರಿಯಾಮರ ಚಿತ್ರ ಹೊತ್ತೇ ಮಾರಾಟವಾಗುತ್ತದೆ.

ಕಾರ್ನೆಲ್ಲಿನ ಆ ಇಬ್ಬರ ‘ವಿಜರ್ಡ್ರಿ’ ಅಮೆರಿಕದಲ್ಲಿ 2001ರ ಎಂಟನೆಯ ಭಾಗದೊಂದಿಗೆ ನಿಂತುಹೋಗಿತ್ತು. ಜಪಾನಿನಲ್ಲಿ ನಿಲ್ಲಲೇ ಇಲ್ಲ. ಹೊಸ ಹೊಸ ಕೈಗಳು ಹೊಸ ಹೊಸ ನೆಲಮಾಳಿಗೆಗಳನ್ನು ಬರೆಯುತ್ತಲೇ ಹೋದವು. 2020ರಲ್ಲಿ ‘ವಿಜರ್ಡ್ರಿ’ ಎಂಬ ಹೆಸರಿನ ಹಕ್ಕನ್ನು ಟೋಕಿಯೋದ ಡ್ರೆಕಾಮ್ ಎಂಬ ಕಂಪನಿ ಕೊಂಡುಕೊಂಡಿತು. 2024ರ ಅಕ್ಟೋಬರಿನಲ್ಲಿ ಅವರು ತಂದ ಹೊಸ ‘ವಿಜರ್ಡ್ರಿ’ ಮೊಬೈಲಿನಲ್ಲಿ ಸಿಗುತ್ತದೆ. ತಂಗಿಯ ಮಗನಿಗೆ ತೋರಿಸಿದೆ. “ಇದೂ ಜಪಾನಿನದೇ ಮಾಮೂ” ಎಂದ. ಈ ಸಲ ನಾನು ವಾದ ಮಾಡಲು ಹೋಗಲಿಲ್ಲ.